ಎಂಪಿಎಲ್‌ಎಸ್ ಜಾಲದಲ್ಲಿ ಸಾಗುವ ಮಾಹಿತಿ ತಾನಾಗಿಯೇ ಸುರಕ್ಷಿತವೇ?

ಬ್ಯಾಂಕು, ಕಚೇರಿಗಳ ಶಾಖೆಗಳನ್ನು ಜೋಡಿಸುವ ಎಂಪಿಎಲ್‌ಎಸ್ ಸಂಪರ್ಕವನ್ನು ‘ಖಾಸಗಿ ಜಾಲ’ ಎನ್ನುತ್ತಾರೆ. ಹಾಗಾದರೆ ಅದರಲ್ಲಿ ಸಾಗುವ ಮಾಹಿತಿ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆಯೇ? ಇಲ್ಲ.

ಜಾಲದ ಅಂಚಿನ ರೌಟರ್ ಪ್ರತಿ ಪ್ಯಾಕೆಟ್‌ಗೆ 32 ಬಿಟ್‌ಗಳ ಚೀಟಿ ಅಂಟಿಸುತ್ತದೆ. ಅದರಲ್ಲಿ 20 ಬಿಟ್ ಲೇಬಲ್ ಸಂಖ್ಯೆಗೆ ಮೀಸಲು. ಯಾವ ವಿಳಾಸಕ್ಕೆ ಯಾವ ಲೇಬಲ್ ಎಂಬುದನ್ನು ರೌಟರ್‌ಗಳು ಎಲ್‌ಡಿಪಿ ಮೂಲಕ ಅಕ್ಕಪಕ್ಕದ ರೌಟರ್‌ಗಳಿಗೆ ಮೊದಲೇ ತಿಳಿಸಿರುತ್ತವೆ. ನಡುವಿನ ರೌಟರ್ ಐಪಿ ವಿಳಾಸ ಹುಡುಕುವುದಿಲ್ಲ. ಬಂದ ಲೇಬಲ್ ತೆಗೆದು, ಹೊಸದನ್ನು ಹಾಕಿ ಮುಂದಕ್ಕೆ ಕಳಿಸುತ್ತದೆ.

ನಾವು ಬಸ್ಸಿನಲ್ಲಿ ಕಳಿಸುವ ಪಾರ್ಸೆಲ್ ಮೇಲಿನ ಊರಿನ ಹೆಸರಿನಂತೆ, ಲೇಬಲ್ ದಾರಿ ತೋರಿಸುತ್ತದೆ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಹೋಗದಂತೆ ಬೇರ್ಪಡಿಸುತ್ತದೆ. ಆದರೆ ಬೀಗ ಹಾಕುವುದಿಲ್ಲ. ನಡುವೆ ಯಾರಾದರೂ ಕದ್ದು ನೋಡಿದರೆ ಓದಬಹುದು. ಸೂಕ್ಷ್ಮ ಮಾಹಿತಿ ಕಳಿಸುವಾಗ ಐಪಿಸೆಕ್‌ನಂಥ ಎನ್‌ಕ್ರಿಪ್ಷನ್ ಅನ್ನು ನಾವೇ ಪ್ರತ್ಯೇಕವಾಗಿ ಅಳವಡಿಸಬೇಕು.