ಹಳೆಯ ಕಾರು ಗೇರು ಹಿಡಿಯಲು ತಡವರಿಸಿದಾಗ

1956ರವರೆಗೆ ನಾರಾಯಣಖೇಡ್ ಮತ್ತು ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಗೇ ಸೇರಿದ್ದವು. ಗಡಿಗೆರೆ ಬಿದ್ದ ಮೇಲೂ ನಮ್ಮ ಮನೆಗಳ ಮದುವೆ, ಮುಂಜಿ, ನೆಂಟಸ್ತನಗಳು ಬೀದರಿನ ಹಾದಿಯನ್ನು ಮರೆತಿಲ್ಲ. ಈ ಓಡಾಟಕ್ಕೆಂದು ಹೈದರಾಬಾದಿನಿಂದ ಕೊಂಡು ತರುವ ಹಳೆಯ ಕಾರುಗಳ ನಡುವೆ, ಕ್ಲಚ್ ಪೆಡಲ್ ಇಲ್ಲದೆ ತಾವೇ ಗೇರು ಬದಲಿಸುವಂಥವೂ ಈಗ ಇವೆ. ಮೊಣಕಾಲು ನೋವಿನವರಿಗೆ ಇವು ಅನುಕೂಲವೇ ಸರಿ. ಆದರೆ ಒಂದು ದಿನ ಅದು ತಡವರಿಸಿ, ಝಟಕಾ ಕೊಡತೊಡಗಿತೆಂದರೆ, ಗ್ಯಾರೇಜಿನಲ್ಲಿ ಮೊದಲು ಕೇಳಿಬರುವುದು “ಗೇರ್‌ಬಾಕ್ಸ್ ಬಿಚ್ಚಬೇಕು” ಎಂಬ ಮಾತು. ಹಳೆಯ ಕಾರಿಗೆ ಈ ಮಾತಿನಷ್ಟು ದುಬಾರಿಯಾದುದು ಬೇರೊಂದಿಲ್ಲ. ಅದಕ್ಕೆ ತಲೆಯಾಡಿಸುವ ಮುನ್ನ ಮನೆಯವರೇ ನೋಡಿ ತಿಳಿಯಬಹುದಾದ ಸಂಗತಿಗಳು ಕೆಲವಿವೆ.

ನಿಮ್ಮ ಕಾರಿನ ಗೇರ್‌ಬಾಕ್ಸ್ ಯಾವ ಜಾತಿಯದೆಂಬುದು ಮೊದಲು ತಿಳಿಯಬೇಕು. ಗೇರ್ ಲಿವರಿನ ಬಳಿ ‘ಪಿ’ ಅಕ್ಷರವಿದೆಯೇ ನೋಡಿರಿ. ಹಳೆಯ ಜೆನ್, ಹೊಂಡಾ ಸಿಟಿ ಮುಂತಾದವುಗಳ ಸ್ವಯಂಚಾಲಿತ ಮಾದರಿಗಳಲ್ಲಿ ಅದು ಇರುತ್ತದೆ. ಮಾರುತಿಯವರು 2014ರಲ್ಲಿ ಸೆಲೆರಿಯೋ ಕಾರಿನೊಡನೆ ತಂದ ಬಗೆಯಲ್ಲಿ ಅದು ಇಲ್ಲ. ಎರಡನೆಯದು ನಿಜವಾಗಿ ಸಾಮಾನ್ಯ ಗೇರ್‌ಬಾಕ್ಸೇ. ಕಾಲಿನ ಬದಲು ಯಂತ್ರವೊಂದು ಕ್ಲಚ್ ಒತ್ತುತ್ತದೆ, ಅಷ್ಟೇ. ಗೇರು ಬದಲಾಗುವಾಗ ಅದು ಕೊಂಚ ತಲೆದೂಗುವುದು ಹುಟ್ಟುಗುಣ, ರೋಗವಲ್ಲ.

‘ಪಿ’ ಇರುವ ಹಳೆಯ ಕಾರುಗಳ ಮಾತು ಬೇರೆ. ಅಲ್ಲಿ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವುದೂ, ಒಳಗಿನ ಕ್ಲಚ್ಚುಗಳನ್ನು ಅದುಮಿ ಹಿಡಿಯುವುದೂ ಎಣ್ಣೆಯೇ. ಆದುದರಿಂದ ಪರೀಕ್ಷೆಯೂ ಎಣ್ಣೆಯಿಂದಲೇ ಮೊದಲಾಗಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ‘ಪಿ’ಗೆ ತನ್ನಿರಿ. ಬಹುತೇಕ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಅಳತೆಕಡ್ಡಿ ತೆಗೆದು ನೋಡಬೇಕು. ಹೊಂಡಾದಲ್ಲಿ ಮಾತ್ರ ಎಂಜಿನ್ ಆರಿಸಿದ ಕೂಡಲೇ. ಕಾರಿನ ಪುಸ್ತಕ ಹೇಳಿದಂತೆಯೇ ನಡೆಯುವುದು ಲೇಸು. ಎಣ್ಣೆ ಕೆಂಪಾಗಿ, ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಡಿಮೆಯಿದ್ದರೆ ಎಲ್ಲೋ ಸೋರುತ್ತಿದೆಯೆಂದು ಅರ್ಥ, ಏಕೆಂದರೆ ಇದು ಎಂಜಿನ್ ಎಣ್ಣೆಯಂತೆ ಉರಿದು ಖರ್ಚಾಗುವುದಿಲ್ಲ. ಸ್ಟ್ರಾಬೆರಿ ಹಾಲಿನಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಒಳಹೊಕ್ಕಿದೆ. ಆ ಕಾರನ್ನು ಒಂದು ಮೈಲಿಯೂ ಓಡಿಸಲಾಗದು. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸವೆದಿರುವುದು ಬಹುಮಟ್ಟಿಗೆ ಖಚಿತ. ಬಿಚ್ಚಬೇಕೆಂಬ ಮಾತಿಗೆ ಆಗ ಮಾತ್ರ ತೂಕ ಬರುತ್ತದೆ.

ಎಣ್ಣೆ ಸರಿಯಿದ್ದೂ ತೊಂದರೆಯಿದ್ದರೆ ಲಕ್ಷಣಗಳನ್ನು ಒಂದೊಂದಾಗಿ ಬೇರ್ಪಡಿಸಬೇಕು. ಬ್ರೇಕ್ ಒತ್ತಿ ‘ಎನ್’ನಿಂದ ‘ಡಿ’ಗೆ ತಂದಾಗ ಒಂದೆರಡು ಸೆಕೆಂಡುಗಳಲ್ಲಿ ಗೇರು ಹಿಡಿದ ಅನುಭವವಾಗಬೇಕು. ಮುಂಜಾನೆಯ ತಣ್ಣನೆಯ ಕಾರಿನಲ್ಲಿ ಮಾತ್ರ ತಡವಾಗುತ್ತಿದ್ದರೆ ಒಳಗಿನ ರಬ್ಬರ್ ಸೀಲುಗಳು ಗಡುಸಾಗಿರಬಹುದು. ಓಡಿ ಬಿಸಿಯಾದ ಮೇಲಷ್ಟೇ ತಡವಾದರೆ, ತೆಳುವಾದ ಎಣ್ಣೆ ಸವೆದ ಕಡೆಗಳಲ್ಲಿ ನುಸುಳಿ ಒತ್ತಡ ಕುಂದುತ್ತಿದೆ ಎನ್ನಬಹುದು. ಇನ್ನು ಸ್ಲಿಪ್ ಎಂಬುದೇ ಬೇರೆ, ಝಟಕಾ ಎಂಬುದೇ ಬೇರೆ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಅದು ಸ್ಲಿಪ್, ಗಂಭೀರವಾದುದು. ಝಟಕಾ ಹಾಗಲ್ಲ. ‘ಡಿ’ಗೋ ‘ಆರ್’ಗೋ ಹಾಕಿದಾಗ ಮಾತ್ರ ಧಡ್ ಎಂದು ಬಡಿದರೆ, ಮುರಿದ ಎಂಜಿನ್ ಮೌಂಟಿನ ರಬ್ಬರೋ, ಹೆಚ್ಚಾಗಿರುವ ಐಡ್ಲಿಂಗೋ ಕಾರಣವಾಗಿರುವುದುಂಟು. ಗೇರು ಬಹಳ ತಡವಾಗಿ ಏರುತ್ತಿದ್ದರೆ, ತೀರ ಹಳೆಯ ಕಾರುಗಳಲ್ಲಿ ವೇಗವರ್ಧಕದಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಸರಿಹೊಂದಿಸಿದರೆ ಸಾಕಾದೀತು. ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಓಡುತ್ತಿದೆಯೇ? ಹೊಂಡಾದಲ್ಲಿ ‘ಡಿ’ ದೀಪ ಮಿಣುಕುತ್ತಿದೆಯೇ? ಅದು ವಿದ್ಯುತ್ ಭಾಗದ ದೋಷವನ್ನು ಕಂಪ್ಯೂಟರ್ ಗುರುತಿಸಿರುವ ಸೂಚನೆ. ಒಂದು ಸೆನ್ಸರೋ ಸೊಲೆನಾಯ್ಡೋ ಬದಲಿಸಿದರೆ ಮುಗಿಯಬಹುದಾದ ಕೆಲಸ. ಸ್ಕ್ಯಾನರ್ ಹಾಕಿ ಕೋಡ್ ಓದದೆ ಪಾನಾ ಎತ್ತುವ ಮೆಕ್ಯಾನಿಕನನ್ನು ನಾನಂತೂ ನಂಬುವುದಿಲ್ಲ.

ಜಹೀರಾಬಾದಿನಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಬರವಿಲ್ಲ. ಆದರೆ ಹಲ್ಲುಚಕ್ರದ ವಿದ್ಯೆ ಬೇರೆ, ಎಣ್ಣೆಯ ಒತ್ತಡದ ವಿದ್ಯೆ ಬೇರೆ. ತೊಂದರೆ ಬಿಸಿಯಲ್ಲೋ ತಣ್ಣಗಿದ್ದಾಗಲೋ, ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ, ಎಷ್ಟು ವೇಗದಲ್ಲಿ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ತೆಲುಗಿನಲ್ಲೋ ಹಿಂದಿಯಲ್ಲೋ ವಿವರಿಸಲು ತಡಕಾಡುವುದೂ ತಪ್ಪುತ್ತದೆ.

ಎಣ್ಣೆ ಬದಲಿಸುವುದಾದರೆ ಆ ಕಾರಿಗೆ ಹೇಳಿದ ಎಣ್ಣೆಯೇ ಆಗಬೇಕು. ಒಮ್ಮೆ ಇಳಿಸಿದರೆ ಪೂರ್ತಿ ಬರುವುದಿಲ್ಲ, ಒಂದಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ಕೆಲವು ದಿನ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬುವುದು ಒಳ್ಳೆಯದು. ಎಣ್ಣೆ ಬದಲಿಸಿದ್ದರಿಂದಲೇ ಗೇರ್‌ಬಾಕ್ಸ್ ಕೆಟ್ಟಿತೆಂಬ ದೂರು ಆಗಾಗ ಕೇಳಿಬರುತ್ತದೆ. ಅವುಗಳಲ್ಲಿ ಹೆಚ್ಚಿನವು ಮೊದಲೇ ಸ್ಲಿಪ್ ಆಗುತ್ತಿದ್ದ ಕಾರುಗಳಾಗಿರುತ್ತವೆ.

‘ಪಿ’ ಇಲ್ಲದ ಬಗೆಯಲ್ಲಿ ಸ್ಲಿಪ್ ಕಂಡರೆ ಸವೆದಿರುವುದು ಸಾಧಾರಣ ಕ್ಲಚ್ ಪ್ಲೇಟೇ. ಪ್ಲೇಟ್ ಬದಲಿಸಿದ ಮೇಲೆ ಅದರ ಹೊಸ ಅಳತೆಯನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ಕಲಿಸಬೇಕು. ಇಲ್ಲದಿದ್ದರೆ ಹೊಸ ಪ್ಲೇಟೂ ಝಟಕಾ ಕೊಡುತ್ತದೆ. ಗೇರೇ ಬೀಳದಿದ್ದರೆ ಬ್ಯಾಟರಿಯನ್ನೂ, ಬ್ರೇಕ್ ಒತ್ತಿದಾಗ ಹಿಂದಿನ ದೀಪ ಉರಿಯುತ್ತದೆಯೇ ಎಂಬುದನ್ನೂ ಮೊದಲು ನೋಡಿರಿ. ಬ್ರೇಕ್ ಒತ್ತಿದ್ದೀರೆಂದು ಕಾರಿಗೆ ತಿಳಿಯದಿದ್ದರೆ ಅದು ಗೇರು ಕೊಡದು.

ಕೊನೆಯದಾಗಿ, ಕಾರು ದಾರಿಯಲ್ಲಿ ನಿಂತಾಗ ನಾಲ್ಕು ಜನ ಇಳಿದು ತಳ್ಳುವುದು ನಮ್ಮಲ್ಲಿ ವಾಡಿಕೆ. ‘ಪಿ’ ಇರುವ ಕಾರು ತಳ್ಳಿದರೆ ಸ್ಟಾರ್ಟ್ ಆಗದು. ಹಗ್ಗ ಕಟ್ಟಿ ಬೀದರಿನವರೆಗೆ ಎಳೆದೊಯ್ದರಂತೂ, ಎಂಜಿನ್ ಓಡದೆ ಎಣ್ಣೆಯ ಪಂಪು ನಿಂತಿರುವುದರಿಂದ, ಒಳಗಿನ ಭಾಗಗಳು ಒಣಗಿ ಉಜ್ಜಿಹೋಗುತ್ತವೆ. ಕಾರಿಗೆ ಚಾಲನೆ ಕೊಡುವ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿಸಿಯೋ, ಲಾರಿಯ ಮೇಲೆ ಏರಿಸಿಯೋ ಸಾಗಿಸಬೇಕು.