ಜುಹೂನಲ್ಲೇ ನಿಂತುಹೋದ ಪಾಠ

ಏರ್ ಇಂಡಿಯಾ ಹೇಗೆ ಹುಟ್ಟಿತು ಅಂತ ಶಾಲೆಯ ಮಕ್ಕಳನ್ನು ಕೇಳಿ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತ ಪುಟ್ಟ ವಿಮಾನ ಹಾರಿಸಿಕೊಂಡು ಬಂದು ಬೊಂಬಾಯಿಯ ಜುಹೂನಲ್ಲಿ ಇಳಿದರು ಅನ್ನುತ್ತಾರೆ. ಸರಿಯೇ. ಆದರೆ ಇದು ಅರ್ಧ ಪಾಠ.

ಟಪಾಲು ಜುಹೂನಲ್ಲಿ ನಿಲ್ಲಲಿಲ್ಲ. ಅದು ಮದ್ರಾಸಿಗೆ ಹೋಗಬೇಕಿತ್ತು. ಅಲ್ಲಿಂದ ಮುಂದಕ್ಕೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ಈ ಯೋಜನೆಯನ್ನು ಟಾಟಾ ಕಂಪನಿಯ ಮುಂದಿಟ್ಟವರೂ ಅವರೇ. ಅವರು ಹೋದ ದಾರಿ ಬಳ್ಳಾರಿ ಮೇಲೆ. ಆದವಾನಿ, ರಾಯದುರ್ಗ ಆಗ ಯಾವ ಜಿಲ್ಲೆ? ಬಳ್ಳಾರಿ ಜಿಲ್ಲೆ! 1953ರಲ್ಲಿ ಗಡಿ ಗೆರೆ ಬಿತ್ತು, ನಾವು ಆಂಧ್ರಕ್ಕೆ ಬಂದೆವು. ಗೆರೆ ಬಿದ್ದದ್ದಕ್ಕೆ ಚರಿತ್ರೆಯೂ ನಮ್ಮ ಕೈಬಿಡಬೇಕೇ?

"ದೊಡ್ಡವರ ಹೆಸರು, ದೊಡ್ಡ ಊರಿನ ಹೆಸರು ಹೇಳಿದರೆ ಸಾಕಲ್ಲವೇ?" ಅನ್ನುವವರಿದ್ದಾರೆ. ಸಾಲದು. ಆ ದೊಡ್ಡ ಊರಿನ ವಿಮಾನ ನಿಲ್ದಾಣವೇ ಹೇಗಿತ್ತು ಕೇಳಿ. ಸಮುದ್ರದ ಪಕ್ಕದ ಕೆಸರು ಬಯಲು. ಕಚೇರಿ ಅಂದರೆ ಗರಿ ಹೊದಿಸಿದ ಒಂದು ಗುಡಿಸಲು. ಮಳೆಗಾಲ ಬಂತೆಂದರೆ ಬಯಲು ನೀರಲ್ಲಿ ಮುಳುಗಿ, ವಿಮಾನ, ಪೈಲಟ್, ಮೆಕ್ಯಾನಿಕ್ ಎಲ್ಲಾ ಪುಣೆಗೆ ಗಂಟುಮೂಟೆ ಕಟ್ಟಬೇಕಿತ್ತು. ಅಹಮದಾಬಾದಿನಲ್ಲಿ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಸರ್ಕಾರದ ಸಹಾಯಧನವೂ ಇರಲಿಲ್ಲ.

ಇದನ್ನೆಲ್ಲಾ ಬಿಟ್ಟು ಒಬ್ಬ ಶ್ರೀಮಂತರ ಸಾಹಸ ಅಂತ ಮಾತ್ರ ಹೇಳಿದರೆ ನಮ್ಮ ರೈತರ ಮಗು ಏನು ಕಲಿತೀತು? ವಿಮಾನ ನಮ್ಮಂಥವರ ಬಾಬತ್ತಲ್ಲ ಅಂತ ಕಲಿಯುತ್ತದೆ, ಅಷ್ಟೇ. ಕೆಸರು, ಎತ್ತಿನ ಗಾಡಿ, ಗರಿಯ ಗುಡಿಸಲು ಸೇರಿಸಿ ಹೇಳಿದರೆ ಬೇರೆ ಮಾತು. ಇವು ಹಳ್ಳಿ ಮಗುವಿಗೆ ಗೊತ್ತಿರುವ ಸಾಮಾನುಗಳೇ. ಇವುಗಳ ಮೇಲೆಯೇ ಆ ಕೆಲಸ ನಿಂತಿತ್ತು. ಎತ್ತಿನ ಗಾಡಿ ಹೊಡೆದವನ ಹೆಸರು ಯಾವ ಪಾಠದಲ್ಲೂ ಇಲ್ಲ. ಅವನಿಲ್ಲದೆ ಆ ವಿಮಾನ ಬೊಂಬಾಯಿ ಮುಟ್ಟುತ್ತಿತ್ತೇ?

ಮೇಷ್ಟ್ರುಗಳಿಗೆ ಒಂದೇ ಬಿನ್ನಹ. ಹೊಸ ಪುಸ್ತಕ ಬರುವ ತನಕ ಕಾಯಬೇಡಿ. ಕರಿಹಲಗೆಯ ಮೇಲೆ ಕರಾಚಿ, ಅಹಮದಾಬಾದ್, ಬೊಂಬಾಯಿ, ಬಳ್ಳಾರಿ, ಮದ್ರಾಸ್ ಅಂತ ಐದು ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಬಳ್ಳಾರಿ ಪಕ್ಕದಲ್ಲಿ ನಮ್ಮೂರಿಗೂ ಒಂದು ಚುಕ್ಕೆ ಇಡಿ. ಮಿಕ್ಕಿದ್ದನ್ನು ಮಕ್ಕಳೇ ಕೇಳುತ್ತಾರೆ.