ಮೆತ್ತನೆಯ ಹಾಸಿನ ಗುಟ್ಟು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕರದಂಟು ಮಾಡುವಾಗ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು ಹದ ನೋಡುತ್ತೀರಲ್ಲವೇ? ನಮ್ಮ ದೇಹದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್ ಕೂಡ ತಾನು ಕುಳಿತ ಜಾಗವನ್ನು ಹೀಗೆಯೇ ಎಳೆದು ನೋಡುತ್ತದೆ.

2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿತು. ಮೆದುಳಿನಷ್ಟು ಮೆತ್ತಗಿದ್ದಲ್ಲಿ ಅವು ನರಕೋಶದಂತೆ ಕವಲೊಡೆದವು. ಬಿಗಿಯಾದಲ್ಲಿ ಸ್ನಾಯುವಿನತ್ತ, ಇನ್ನೂ ಗಡುಸಾದಲ್ಲಿ ಮೂಳೆಯತ್ತ ವಾಲಿದವು. ಕೊಟ್ಟ ಆಹಾರ ಮಾತ್ರ ಒಂದೇ! ಸುಬ್‌ಹಾನಲ್ಲಾಹ್, ಸೃಷ್ಟಿಕರ್ತನ ಏರ್ಪಾಡು ಎಷ್ಟು ಸೂಕ್ಷ್ಮ.

ಇಷ್ಟು ಸೂಕ್ಷ್ಮವಾದದ್ದನ್ನು ಕೆಲವರು ಸೂಜಿಮದ್ದಿನಂತೆ ಮಾರುತ್ತಾರೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಗುವಿಗೆ ಸ್ಟೆಮ್ ಸೆಲ್ ಚುಚ್ಚಿಸಲು ತಾಯಿ ಬಂಗಾರ ಅಡವಿಡಲೂ ಸಿದ್ಧಳಾಗುತ್ತಾಳೆ. ಚುಚ್ಚಿದ ಕೋಶ ಮೆದುಳು ಸೇರಿ ನರಕೋಶವೇ ಆದೀತೆಂಬ ಖಾತ್ರಿ ಎಲ್ಲಿದೆ? ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದದ್ದೆಲ್ಲ ಅನುಮೋದಿತ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ಸೇರಿದವರಿಂದ ಹಣ ಕೇಳುವಂತಿಲ್ಲ. ಯಾರಾದರೂ ಲಕ್ಷಗಳ ಲೆಕ್ಕ ಹೇಳಿದರೆ, ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿ ಎಂದು ಧೈರ್ಯವಾಗಿ ಕೇಳಿ. ಅಲ್ಲಿಯವರೆಗೆ ಮಗುವಿನ ಫಿಸಿಯೋಥೆರಪಿ ನಿಲ್ಲಿಸಬೇಡಿ.